ಐವತ್ನಾಲ್ಕು ದಿನದ ಬಟ್ಟಾ

ವಕೀಲರು ನನ್ನ ಮುಂದೆ ಒಂದು ತಗಡಿನ ಡಬ್ಬಿ ಇಟ್ಟರು.

"ಇದರೊಳಗ ಐವತ್ನಾಲ್ಕು ಚೀಟಿ ಅವ. ಒಂದೊಂದು ಚೀಟಿ ದಿನ ಪ್ಯಾಟ್ಯಾಗ ಕಲ್ದಾರದ ಭಾವ ಎಷ್ಟಿತ್ತು, ಬರಕೊಂಡು ಬಾ. ಯುಗಾದಿಗೆ ಇನ್ನ ಹದಿನೆಂಟು ದಿನ ಅದ."

ನಾನು ಅವರ ಗುಮಾಸ್ತ. ಆಳಂದದಲ್ಲಿ ನನ್ನನ್ನು ಮುನ್ಶಿ ಎನ್ನುವವರಿಗಿಂತ ನಕಲಿ ಎನ್ನುವವರೇ ಹೆಚ್ಚು. ವಕೀಲರ ಕೆಮ್ಮು, ಅಮೀನರ ಆಕಳಿಕೆ, ಸಂತೆಯ ದಲಾಲರ ಕೂಗು ಎಲ್ಲವೂ ನನ್ನ ಗಂಟಲಲ್ಲಿದ್ದವು. ನಮ್ಮಪ್ಪ ನನಗೆ ಬೈಯುವುದನ್ನು ನಮ್ಮಪ್ಪನಿಗಿಂತ ಚೆನ್ನಾಗಿ ನಾನೇ ಬೈದುಕೊಳ್ಳುತ್ತಿದ್ದೆ. ಐದು ವರ್ಷದ ಹಿಂದೆ ಸಂತೆಯಲ್ಲಿ ಯಾರು ಹೇಗೆ ಕೂಗಿದರು ಎಂದು ಕೇಳಿದ್ದರೆ ನಿಂತ ಕಾಲಲ್ಲಿ ಕೂಗಿ ತೋರಿಸುತ್ತಿದ್ದೆ. ಎಷ್ಟಕ್ಕೆ ಕೂಗಿದರು ಎಂದರೆ ನನ್ನ ಬಾಯಿ ಬಂದ್.

ಹೊರಗಿನ ಓದುಗರಿಗೆ ಇಲ್ಲಿ ಒಂದು ಮಾತು. ನಮ್ಮ ಸಂಸ್ಥಾನದ ರೂಪಾಯಿಯೇ ಬೇರೆ. ಮೇಲೆ ನಾಲ್ಕು ಮಿನಾರಿನ ಚಿತ್ರ. ಅದಕ್ಕೆ ಹಾಲಿ ಎನ್ನುತ್ತಿದ್ದೆವು. ಗಡಿ ದಾಟಿದರೆ ಸೊಲ್ಲಾಪುರದಲ್ಲಿ ರಾಜನ ಮೋರೆಯ ಇಂಗ್ರೇಜಿ ರೂಪಾಯಿ, ಅದು ಕಲ್ದಾರ. ಕಲ್ದಾರಕ್ಕೆ ಬೆಲೆ ಹೆಚ್ಚು. ಖಜಾನೆಯ ಲೆಕ್ಕದಲ್ಲಿ ಆರು ಕಲ್ದಾರಕ್ಕೆ ಸುಮಾರು ಏಳು ಹಾಲಿ. ಆದರೆ ಆ ಲೆಕ್ಕ ಖಜಾನೆಯ ಗೋಡೆಯೊಳಗೆ ಮಾತ್ರ. ಪೇಟೆಯಲ್ಲಿ ನೂರು ಕಲ್ದಾರಕ್ಕೆ ಒಂದು ದಿನ ನೂರಾ ಹದಿನಾಲ್ಕು ಹಾಲಿ ಬಂದರೆ ಇನ್ನೊಂದು ದಿನ ನೂರಾ ಹತ್ತೊಂಬತ್ತು ಬರುತ್ತಿತ್ತು. ನೂರರ ಮೇಲಿನ ಈ ಹೆಚ್ಚಿಗೆಯೇ ಬಟ್ಟಾ.

ಡಬ್ಬಿ ಭೂಸನೂರಿನ ಒಬ್ಬ ಹೆಣ್ಣುಮಗಳದು. ನಲವತ್ತರ ಆಸುಪಾಸು, ನಾನು ಅಕ್ಕ ಎನ್ನುತ್ತಿದ್ದೆ. ಗಂಡ ಸೊಲ್ಲಾಪುರದ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ. ಆಳಂದದ ಕಿರಾಣಿ ಅಂಗಡಿಯವರೊಬ್ಬರು ಸರಕು ತರಲು ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಐದೋ ಎಂಟೋ ಕಲ್ದಾರ ಅವರ ಕೈಗೆ ಕೊಡುತ್ತಿದ್ದ. ದೀಪಾವಳಿಗೆ ತಾನೇ ಊರಿಗೆ ಬಂದು ಬೋನಸ್ಸೂ ಸೇರಿಸಿ ನಲವತ್ತರ ಮೇಲೆ ಅಂಗಡಿಯಲ್ಲಿ ಇಡುತ್ತಿದ್ದ. ಪ್ರತಿ ಸಲವೂ ಅಕ್ಕನಿಗೆ ಒಂದು ಚೀಟಿ. ಹೀಗೆ ಐದು ವರ್ಷದಲ್ಲಿ ಐನೂರಾ ನಲವತ್ತು ಕಲ್ದಾರ ಕೂಡಿತ್ತು. ಆಕೆ ಊರಲ್ಲಿ ಎರಡು ಎಕರೆ ಹೊಲ ಗೊತ್ತು ಮಾಡಿ ಮುಂಗಡದ ಇಸಾರ ಕೊಟ್ಟಿದ್ದಳು. ಹೊಲದ ಜೊತೆ ಬಾವಿಯಲ್ಲಿ ವಾರಕ್ಕೆ ನಾಲ್ಕು ದಿನದ ನೀರು. ಉಳಿದ ಆರುನೂರಾ ಮೂವತ್ತೈದು ಹಾಲಿ ಯುಗಾದಿಯ ಹಿಂದಿನ ದಿನ ಸಂಜೆಯೊಳಗೆ ಕೊಡದಿದ್ದರೆ ಇಸಾರವೂ ಹೋಯಿತು, ಹೊಲವೂ ಹೋಯಿತು.

ಆಕೆ ಹಣ ವಾಪಸು ಕೇಳಿದರೆ ಅಂಗಡಿಯವರು ಐನೂರಾ ನಲವತ್ತು ಹಾಲಿ ಎಣಿಸಿ ಮುಂದಿಟ್ಟರು. ಬಟ್ಟಾ ಎಲ್ಲಿ ಎಂದು ಆಕೆ ಕೇಳಿದಾಗ, "ಚೀಟ್ಯಾಗ ರೂಪಾಯಿ ಅಂತ ಅದ. ಕಲ್ದಾರ ಅಂತ ಎಲ್ಲದ ತೋರಸು" ಎಂದರು.

ಮಾತು ಮೂವರು ಪಂಚರ ಮುಂದೆ ಹೋಯಿತು. ಅವರಲ್ಲಿ ಹಿರಿಯರು ಬಟ್ಟೆ ಅಂಗಡಿಯ ಸಾಹೇಬರು. ಅವರು ಚೀಟಿ ಮುಟ್ಟಲೂ ಇಲ್ಲ.

"ಸೊಲ್ಲಾಪುರದ ಗಿರಣ್ಯಾಗ ಹಾಲಿ ಪಗಾರ ಕೊಡ್ತಾರೇನ್ರಿ ಸಾವಕಾರ್? ಅಲ್ಲಿ ತಗೊಂಡ ಕಲ್ದಾರ ಅಲ್ಲೇ ಕೊಟ್ಟು ಸಕ್ರಿ ಬೆಲ್ಲ ತಂದ್ರಿ. ಬಟ್ಟಾ ಉಳೀತು. ಯಾರ್ದು ಅದು?"

ಕೊನೆಗೆ ತೀರ್ಮಾನ ಹೀಗಾಯಿತು: ಹಣ ಇಟ್ಟ ದಿನದ ಪೇಟೆ ಭಾವದಂತೆ ಹಾಲಿ ಕೊಡಬೇಕು. ಭಾವ ತರುವ ಹೊಣೆ ಆಕೆಯ ಕಡೆಯವರದು, ಅಂದರೆ ನಮ್ಮ ವಕೀಲರದು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರರಲ್ಲಿ ಯಾವ ಪೇಟೆಯದಾದರೂ ನಡೆಯುತ್ತದೆ. ಅಂಗಡಿಯವರು ಮೀಸೆಯೊಳಗೇ ನಕ್ಕರು. ಭಾವವನ್ನು ಯಾರು ಬರೆದಿಡುತ್ತಾರೆ? ಬೆಳಿಗ್ಗೆ ಕೂಗುತ್ತಾರೆ, ಸಂಜೆಗೆ ಮರೆಯುತ್ತಾರೆ.

ಅವರ ನಗು ಸುಳ್ಳಲ್ಲ ಎಂದು ನನಗೆ ಮೂರೇ ದಿನದಲ್ಲಿ ಗೊತ್ತಾಯಿತು. ಆಳಂದದಲ್ಲಿ ನಾಣ್ಯ ಬದಲಿಸಿಕೊಡುವ ಇಬ್ಬರು ಸರಾಫರಲ್ಲಿ ಒಬ್ಬರು ಲೆಕ್ಕದ ವಹಿಯನ್ನು ಗೆದ್ದಲು ತಿಂದಿತು ಎಂದರು. ಇನ್ನೊಬ್ಬರು ಅಂಗಡಿಯವರ ಬೀಗರು. ಅವರಿಗೆ ನನ್ನನ್ನು ಕಂಡ ಕೂಡಲೇ ಕಿವುಡು ಬಂತು. ಜೇವರ್ಗಿಯಲ್ಲಿ ಹತ್ತಿ ಅಡತಿಯವರೊಬ್ಬರು ಎಲ್ಲ ಬರೆದಿಡುತ್ತಾರೆ ಎಂದು ಯಾರೋ ಹೇಳಿದರು. ಕಲಬುರಗಿ ಸುತ್ತಿ ಅಲ್ಲಿಗೆ ಹೋದೆ. ಅಡತಿಯವರು ಒಳ್ಳೆಯವರು, ಮಜ್ಜಿಗೆ ಕೊಟ್ಟರು, ವಹಿಯನ್ನೂ ಬಿಚ್ಚಿದರು. ಐದು ವರ್ಷದಲ್ಲಿ ಕಲ್ದಾರದ ಭಾವ ಬರೆದದ್ದು ಏಳು ಸಲ.

"ನಮಗ್ಯಾಕ್ರಿ ಕಲ್ದಾರ? ಇಲ್ಲಿಂದ ಗಡಿ ದೂರ. ಸೊಲ್ಲಾಪುರದ ವ್ಯಾಪಾರಿ ಬಂದ್ರ ಬರೀತೇವಿ, ಇಲ್ಲಾಂದ್ರ ಇಲ್ಲ. ಅಫಜಲಪುರದ ಮಾರವಾಡಿ ಸರಾಫ್ರನ್ನ ಕೇಳ್ರಿ. ಅವರು ಸೀನಿದ್ದೂ ಬರೀತಾರ."

ಆ ಮಾತು ಕೇಳಿ ಮಜ್ಜಿಗೆಯ ಲೋಟ ಕೆಳಗಿಟ್ಟೆ. ಎರಡು ವರ್ಷದ ಹಿಂದೆ ಅಫಜಲಪುರದ ಒಂದು ಮದುವೆಯಲ್ಲಿ ನಾನು ಮಾಡಿದ ನಕಲಿ ಆ ಸರಾಫರದೇ. ರೂಪಾಯಿಯನ್ನು ಕಲ್ಲಿಗೆ ಬಡಿದು, ಕಿವಿಗೆ ಹಿಡಿದು, ಹಲ್ಲಿಗೆ ಕೊಟ್ಟು, ಕೊನೆಗೆ ಕೊಟ್ಟವನ ಮೋರೆಯನ್ನೇ ತಿರುಗಿಸಿ ಮುರುಗಿಸಿ ನೋಡುವ ನಕಲಿ. ಮದುಮಗಳೂ ನಕ್ಕಿದ್ದಳು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರು ಓಡುತ್ತಿದ್ದದ್ದು ಇದ್ದಿಲ ಹೊಗೆಯ ಮೇಲೆ. ನೆಲೋಗಿಯ ಹತ್ತಿರ ಅದು ಮುದುಕರಂತೆ ಕೆಮ್ಮಿ ನಿಂತಿತು. ನಾನು ಅದರ ನಕಲಿ ಮಾಡಿದೆ. ಡ್ರೈವರ್ ಒಬ್ಬನೇ ನಗಲಿಲ್ಲ. ಅಲ್ಲಿಂದ ಗಾಡಿ ಹಿಡಿದು, ಮೊಳಕಾಲುದ್ದ ನೀರಿನಲ್ಲಿ ಭೀಮಾ ದಾಟಿ, ಮರುದಿನ ಅಫಜಲಪುರ ಸೇರಿದೆ.

ಸರಾಫರು ಗಾದಿಯ ಮೇಲೆ ಕೂತಿದ್ದರು. ನನ್ನ ಅರ್ಜಿಯನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದರು.

"ಅರೇ, ಆ ನಕಲಿ ನೀನೇ ಅಲ್ಲೇನು? ಮದುವ್ಯಾಗ ಸಬ್ ಲೋಗ್ ನಕ್ಕರಂತ. ನಾ ಒಬ್ಬನೇ ನೋಡಲಿಲ್ಲ. ಪಹಿಲೇ ಅದನ್ನ ಮಾಡು. ವಹಿ ಪೀಛೇ."

ಬೇಡಿದೆ. ಕೈ ಮುಗಿದೆ. ಅವರು ಒಂದು ಹಾಲಿ ರೂಪಾಯಿ ತೆಗೆದು ನನ್ನ ಮುಂದೆ ಉರುಳಿಸಿದರು. ಮಾಡಿದೆ. ಬಡಿದೆ, ಕಿವಿಗೆ ಹಿಡಿದೆ, ಕಚ್ಚಿದೆ. ಅವರ ಮೋರೆ ಹಿಡಿಯುವ ಧೈರ್ಯ ಬರದೆ ಗೋಡೆಯ ಮೇಲಿನ ಪಂಚಾಂಗದ ಮೋರೆ ನೋಡಿದೆ.

"ಗಲತ್," ಎಂದರು ಸರಾಫರು, ಸ್ವಲ್ಪವೂ ನಗದೆ. "ಬಲಗಿವಿಗಿ ಹಿಡದಿ. ನನ್ನ ಬಲಗಿವಿ ಕೇಳಸೂದಿಲ್ಲ. ಎಡಗಿವಿಗಿ ಹಿಡೀಬೇಕು. ನಕಲಿ ಮಾಡೂದಾದ್ರ ಬರೋಬ್ಬರಿ ಮಾಡು." ಆಮೇಲೆ ಮಗನನ್ನು ಕೂಗಿ ಕೆಂಪು ಬಟ್ಟೆಯ ಐದು ವಹಿ ತರಿಸಿದರು.

ವ್ಯಾಪಾರಿಗಳ ಮಹಾಜನಿ ಬರಹ, ಕೊಂಬಿಲ್ಲ, ಕಾಗುಣಿತವಿಲ್ಲ. ನನಗೆ ಒಂದಕ್ಷರವೂ ಓದಲು ಬರದು. ನಾನು ಚೀಟಿಯ ತಿಥಿ ಹೇಳುವುದು, ಅವರು ಹಾಳೆ ತಿರುಗಿಸಿ ಭಾವ ಓದುವುದು, ನಾನು ಬರೆಯುವುದು. ಚೀಟಿಗಳನ್ನು ಮೊದಲೇ ವರ್ಷ, ಮಾಸ, ಪಕ್ಷ, ತಿಥಿ ಹಚ್ಚಿ ಜೋಡಿಸಿಕೊಂಡಿದ್ದೆ. ಪೇಟೆ ನಡೆಯದ ದಿನವಿದ್ದರೆ ಹಿಂದಿನ ದಿನದ ಭಾವ. ನಾನು "ಆಶ್ವೀಜ ವದ್ಯ ಏಕಾದಶಿ" ಎಂದರೆ ಅವರು ಬೆರಳು ಓಡಿಸಿ, ಮೂಗಿನಲ್ಲಿ ರಾಗ ಎಳೆದು, "ಆಸೋಜ ಬದಿ ಗ್ಯಾರಸ... ಏಕಸೌ ಉನ್ನೀಸ್" ಎನ್ನುತ್ತಿದ್ದರು. ನೂರಾ ಹತ್ತೊಂಬತ್ತು. ನಮ್ಮ ವದ್ಯ, ಅಂದರೆ ಕೃಷ್ಣ ಪಕ್ಷ, ಅವರ ಬಾಯಲ್ಲಿ ಬದಿ. ಎರಡು ದಿನ ಇದೇ ರಾಗ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಆಳಂದಕ್ಕೆ ಬಂದು ಗುಣಿಸಿದೆ, ಕೂಡಿಸಿದೆ. ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ, ಮಾಸ್ತರರಿಂದ ಒಮ್ಮೆ. ಮೂರು ಸಲವೂ ಆರುನೂರಾ ಮೂವತ್ತೆಂಟು ಹಾಲಿ ಎರಡಾಣೆ. ಹೊಲದ ಬಾಕಿ ಕಳೆದು ಮೂರು ರೂಪಾಯಿ ಮಿಕ್ಕುತ್ತಿತ್ತು. ಅಕ್ಕನಿಗೆ ಹೇಳಿದಾಗ ಆಕೆ ಡಬ್ಬಿಯ ಮುಚ್ಚಳವನ್ನು ಎರಡು ಸಲ ಮುಚ್ಚಿದಳು.

"ಮಿಕ್ಕಿದ್ರಾಗ ಬದನಿ ಬೀಜ ತರ್ತೇನಿ. ನಿನಗೊಂದು ರುಮಾಲ."

"ರುಮಾಲ ಸುತ್ತಿಕೊಂಡ್ರ ವಕೀಲ ಆಗಿಬಿಡ್ತೇನಿ ಅಕ್ಕ. ಆಮ್ಯಾಲ ನಿನ್ನ ಕಡೆಯಿಂದ ಫೀಜು ಕೇಳ್ತೇನಿ."

ನನ್ನ ಬಾಯಿಗೆ ಆಗ ಸುಮ್ಮನಿರಲು ಬರುತ್ತಿರಲಿಲ್ಲ. ಪಂಚರು ಕೂಡಲು ಇನ್ನೂ ಐದು ದಿನ ಇತ್ತು. ಕ್ಷೌರದ ಕಟ್ಟೆಯ ಮೇಲೆ ನಾಲ್ಕು ಜನ ಸಿಕ್ಕರು. ಸರಾಫರ ವಹಿ ಓದುವ ನಕಲಿ ಶುರು ಮಾಡಿದೆ. ಮೂಗಿನ ರಾಗ, ಓಡುವ ಬೆರಳು, ಈ ಸಲ ಎಡಗಿವಿ. ಅವರು ಪ್ರತಿ ವಹಿಯ ಪೂಜೆಯ ಹಾಳೆ ಬಂದಾಗ ತಲೆ ಬಾಗಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಅದನ್ನೂ ಬಿಡಲಿಲ್ಲ. "ಕಾತಿ ಬದಿ ಅಮಾವಸ, ದೀವಾಳಿ, ಶ್ರೀ ಲಕ್ಷ್ಮೀಜಿ ಕಾ ಪೂಜನ..."

ಎಲ್ಲರೂ ನಕ್ಕರು. ಕ್ಷೌರ ಮಾಡುವ ಹಡಪದವರು ಮಾತ್ರ ಕತ್ತಿ ಮಸೆಯುವುದನ್ನು ನಿಲ್ಲಿಸಿ, "ಕಾತಿ ಅಂದ್ರೇನೋ?" ಎಂದರು.

"ಕಾರ್ತಿಕ."

"ಹುಚ್ಚಪ್ಪಾ, ದೀಪಾವಳಿ ಅಮಾಸಿ ಆಶ್ವೀಜದಾಗ ಬರ್ತದ. ಕಾರ್ತಿಕದ್ದು ಛಟ್ಟಿ ಅಮಾಸಿ. ನಿನ್ನ ಮಾರವಾಡಿ ಒಂದು ತಿಂಗಳ ತಡಾ ಮಾಡಿ ಪೂಜಾ ಮಾಡ್ತಾನೇನು?"

ಜನ ಮತ್ತೆ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯ ಅರ್ಧದಲ್ಲಿ ಕಾಲು ನಿಂತುಬಿಟ್ಟವು.

ಸರಾಫರು ತಡ ಮಾಡುವವರಲ್ಲ. ಅವರ ಅಮಾವಾಸ್ಯೆಯೂ ನಮ್ಮ ಅಮಾವಾಸ್ಯೆಯೂ ಒಂದೇ; ಹೆಸರು ಬೇರೆ. ನಮ್ಮ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಅವರ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಶುದ್ಧ ಪಕ್ಷದಲ್ಲಿ ಇಬ್ಬರ ತಿಂಗಳೂ ಕೂಡುತ್ತದೆ. ವದ್ಯದಲ್ಲಿ ಅವರು ಹೆಸರಿನಲ್ಲಿ ಒಂದು ತಿಂಗಳು ಮುಂದೆ. ನಾನು ಆಶ್ವೀಜ ವದ್ಯ ಎಂದು ಕೇಳಿದಾಗಲೆಲ್ಲ ಅವರು ತಮ್ಮ ಆಶ್ವೀಜದ ಬದಿ ಓದಿದ್ದರು; ಅದು ನಮಗೆ ಭಾದ್ರಪದದ ಪಿತೃಪಕ್ಷ. ಐವತ್ನಾಲ್ಕು ಚೀಟಿಗಳಲ್ಲಿ ಇಪ್ಪತ್ತೆಂಟು ವದ್ಯದವು. ಇಪ್ಪತ್ತೆಂಟಕ್ಕೂ ನಾನು ಒಂದು ತಿಂಗಳು ಹಿಂದಿನ ಭಾವ ಹಚ್ಚಿದ್ದೆ. ಮೂರು ಸಲ ಕೂಡಿಸಿ ನೋಡಿದ್ದು ಮೂರು ಸಲವೂ ತಪ್ಪನ್ನೇ.

ವಕೀಲರಿಗೆ ಹೇಳಿದೆ. ಅವರು ಬಹಳ ಹೊತ್ತು ಕೆಮ್ಮಿದರು. ಆ ದಿನದ ಕೆಮ್ಮನ್ನು ನಾನು ಇವತ್ತಿಗೂ ನಕಲಿ ಮಾಡಿಲ್ಲ.

"ಪಂಚರಿಗೆ ಗೊತ್ತಾಗೂದಿಲ್ಲ. ಅಂಗಡಿಯವನಿಗೂ ಗೊತ್ತಾಗೂದಿಲ್ಲ. ನಿನಗ ಗೊತ್ತಾಗಿದ್ದು ನಿನ್ನ ನಸೀಬು."

"ಮತ್ತ ಅಫಜಲಪುರಕ್ಕ ಹೋಗಲ್ರ್ಯಾ?"

"ಹೋಗಬ್ಯಾಡ ಅಂತ ನಾ ಅಂದಿಲ್ಲ. ಹೋಗು ಅಂತಾನೂ ಅಂದಿಲ್ಲ."

ಹೋದೆ. ಸತ್ಯದ ಮೇಲಿನ ಪ್ರೀತಿಯಿಂದ ಹೋದೆ ಎಂದು ಬರೆದರೆ ಓದುಗರು ನನ್ನ ನಕಲಿ ಮಾಡಬೇಕು. ಅಂಗಡಿಯವರು ಯಾರಾದರೂ ಮಾರವಾಡಿಯನ್ನು ಸಾಕ್ಷಿಗೆ ಕರೆತಂದರೆ ಎಂಬ ಅಂಜಿಕೆ ಹದಿನಾರಾಣೆಯಲ್ಲಿ ಹತ್ತಾಣೆ. ಸರಿಯಾದ ಭಾವ ಹೆಚ್ಚೇ ಇದ್ದೀತು ಎಂಬ ಆಸೆ ನಾಲ್ಕಾಣೆ. ಉಳಿದ ಎರಡಾಣೆ ಮಾತ್ರ ಬೇರೆ. ಸರಾಫರು ಬಲಗಿವಿ ಎಡಗಿವಿ ಎಂದದ್ದು ನನ್ನಲ್ಲಿ ಎಲ್ಲೋ ನಟ್ಟಿತ್ತು. ಪೇಟೆಯ ಹಳೆಯ ದನಿಯನ್ನು ತೆಗೆದು ತೋರಿಸುವ ಕೆಲಸ ಹಿಡಿದವನು ತಪ್ಪು ಕಿವಿಗೆ ರೂಪಾಯಿ ಹಿಡಿದು ಕೂತಿದ್ದೆ.

ಸರಾಫರು ನನ್ನ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕರು. ನನ್ನ ನಕಲಿಗೆ ಬಾರದ ನಗು ನನ್ನ ಅಸಲಿಗೆ ಬಂತು.

"ನೀ ಕೇಳಿದ್ದು ನಾ ಓದಿದೆ. ನಿಮ್ಮ ತಿಂಗಳು ನನಗ್ಯಾಕ ಬೇಕು?"

ಇಪ್ಪತ್ತೆಂಟು ದಿನವನ್ನು ಮತ್ತೆ ಓದಿದರು. ಬಹಳಷ್ಟು ಚೀಟಿಗಳಲ್ಲಿ ಆಣೆಗಳ ವ್ಯತ್ಯಾಸ, ಅಲ್ಲಿ ಹೆಚ್ಚು ಇಲ್ಲಿ ಕಡಿಮೆ. ಆದರೆ ಐದು ದೀಪಾವಳಿಗಳು! ಅಕ್ಕನ ದೊಡ್ಡ ಇಡುಗಂಟೆಲ್ಲ ಅವೇ. ನೂರಾ ಹತ್ತೊಂಬತ್ತು ಬರೆದಲ್ಲಿ ನೂರಾ ಹದಿನೈದು, ಒಂದು ವರ್ಷ ಹದಿನಾಲ್ಕೂವರೆ.

"ಇಷ್ಟು ಯಾಕ ಇಳೀತದ್ರಿ?"

"ಪಿತೃಪಕ್ಷದಾಗ ಅಂಗಡಿಯವ್ರೆಲ್ಲ ಹಬ್ಬದ ಮಾಲು ತರಲಿಕ್ಕೆ ಸೊಲ್ಲಾಪುರಕ್ಕ ಓಡ್ತಾರ. ಕಲ್ದಾರ ಬೇಕು, ಮಹಂಗ. ದೀವಾಳಿಗಿ ಗಿರಣಿ ಮಂದಿ ಬೋನಸ್ ತಗೊಂಡು ಊರಿಗಿ ಬರ್ತಾರ. ಸಬ್ ಕೇ ಹಾಥ್ ಮೇ ಕಲ್ದಾರ. ಯಾರಿಗಿ ಬೇಕು? ಸಸ್ತಾ."

ಅಕ್ಕನ ಗಂಡ ವರ್ಷವಿಡೀ ಕೂಡಿಸಿದ್ದನ್ನು ಹಿಡಿದು ಬರುತ್ತಿದ್ದ ದಿನವೇ ಅದಕ್ಕೆ ಬೆಲೆ ಇಳಿದಿರುತ್ತಿತ್ತು. ಅವನಂಥವರೆಲ್ಲ ಅದೇ ದಿನ ಬರುತ್ತಿದ್ದುದೇ ಕಾರಣ. ನಾನು ಆ ಐದು ಸಾಲು ಬರೆಯುವಾಗ ಸರಾಫರ ರಾಗ ನನಗೆ ಹಾಸ್ಯವಾಗಿ ಕೇಳಲಿಲ್ಲ.

ಹೊಸ ಮೊತ್ತ ಆರುನೂರಾ ಇಪ್ಪತ್ತೇಳು ಹಾಲಿ ಹತ್ತಾಣೆ. ಹೊಲಕ್ಕೆ ಏಳು ರೂಪಾಯಿ ಆರಾಣೆ ಕಡಿಮೆ.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ, ಪಂಚರು ಕೂಡುವ ಮೊದಲು, ಅಕ್ಕನಿಗೆ ಹೇಳಿದೆ. ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು.

"ಊರಮಂದಿ ದನಿ ಎಲ್ಲಾ ತಗೀತಿ ನೀನು. ಇವತ್ತೊಂದಿನ ಮೂಕನ ನಕಲಿ ಮಾಡಾಕ ಬರ್ಲಿಲ್ಲೇನು?"

"ಅಕ್ಕ, ಆ ಏಳು ರೂಪಾಯಿ ನಾ ಕೊಡ್ತೇನಿ."

ವಕೀಲರು ಹಿಂದಿನಿಂದ ಗದರಿದರು. "ಲೇ, ಭಾವ ತಂದವನೇ ರೊಕ್ಕ ಕೊಟ್ಟ ಅಂದ್ರ ಲೆಕ್ಕಾನೇ ಖರೀದಿ ಆತು. ಎಲ್ಲಾ ಮುರದು ಬೀಳ್ತದ." ಅಕ್ಕನೂ ತಲೆ ಅಲ್ಲಾಡಿಸಿದಳು. "ಬ್ಯಾಡ. ನನ್ನ ಗಂಡ ದುಡದದ್ದು ಎಷ್ಟಾಗ್ತದೋ ಅಷ್ಟು."

ಪಂಚರ ಮುಂದೆ ಎರಡೂ ಪಟ್ಟಿ ಇಟ್ಟೆ. ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ಹೇಳಿದೆ. ಅಂಗಡಿಯವರು ಚಪ್ಪಾಳೆ ತಟ್ಟುವುದೊಂದು ಬಾಕಿ.

"ಕೇಳಿದ್ರ್ಯಾ? ಇವನ ಬಾಯಿಂದ ಇವನ ತಪ್ಪು! ಮೊದಲ್ನೇ ಪಟ್ಟಿ ಸುಳ್ಳಾದ್ರ ಎರಡ್ನೇದು ಹ್ಯಾಂಗ ಖರೇ? ಇವ ನಕಲಿ ಮಾಡಾವ, ನಾಳಿಗಿ ಮೂರ್ನೇದು ತರ್ತಾನ!"

ಸಾಹೇಬರು ಕೈ ಎತ್ತಿದರು. "ಸಾವಕಾರ್, ಅವನ ತಪ್ಪು ಅವನೇ ಹೊತಗೊಂಡು ಬಂದಾನ, ತನ್ನ ಕಡೆಯವರಿಗೇ ಲುಕ್ಸಾನ ಮಾಡಕೊಂಡು. ನಿಮ್ಮದು ನಾವು ಎಳಕೊಂಡು ಬರಬೇಕಾತು. ಅನುಮಾನ ಇದ್ರ ನೀವೇ ಒಂದು ದಿನ ಕೇಳ್ರಿ. ಇಬ್ರಿಗೂ ಗೊತ್ತಿರೂದು."

ಅಂಗಡಿಯವರು ಯೋಚಿಸಿ, "ಹೋದ ವರ್ಷ ಶ್ರಾವಣದಾಗ ನಾ ಸ್ವತಾ ಅಫಜಲಪುರದಾಗ ನೂರು ಕಲ್ದಾರ ಕೊಂಡೇನಿ. ನಾಗರಪಂಚಮಿ ಆಗಿ ಮೂರು ವಾರಕ್ಕ. ವದ್ಯ ದ್ವಾದಶಿ. ಹೇಳು ನೋಡೋಣು" ಎಂದರು.

ಆ ವದ್ಯ ದ್ವಾದಶಿಯ ಒಂದು ಚೀಟಿ ನಮ್ಮಲ್ಲಿತ್ತು. ಹೊಸ ಪಟ್ಟಿಯಲ್ಲಿ ಬೆರಳಿಟ್ಟು ಓದಿದೆ: "ನೂರಾ ಹದಿನೇಳು, ನಾಲ್ಕಾಣೆ." ಹಳೆಯದರಲ್ಲಿ ನೂರಾ ಹದಿನಾರು ಇತ್ತು.

ಅಂಗಡಿಯವರು ಮೂಗಿನ ತುದಿ ತಿಕ್ಕಿಕೊಂಡರು. ಸಾಹೇಬರು ಅವರ ಮೋರೆಯನ್ನೇ ನೋಡುತ್ತ, "ನಾಲ್ಕಾಣೆನೂ ಕೂಡ್ತು ಕಾಣಸ್ತದ" ಎಂದರು. ಆರುನೂರಾ ಇಪ್ಪತ್ತೇಳು ಹಾಲಿ ಹತ್ತಾಣೆ ಎಂದು ಬರೆದು ಮೂವರೂ ಸಹಿ ಮಾಡಿದರು. ಅಂಗಡಿಯವರು ಅಲ್ಲೇ ಎಣಿಸಿ ಕೊಟ್ಟರು.

ಹೊಲದ ಯಜಮಾನರು ಸಂಜೆ ಬಂದರು. ಕಮ್ಮಿ ಬಿದ್ದ ಏಳು ರೂಪಾಯಿ ಆರಾಣೆಗೆ ಒಂದು ತಿಂಗಳ ಮುದ್ದತು ಕೊಡಿ ಎಂದು ವಕೀಲರು ಕೇಳಿದರು. ಅವರು ಎಲೆಯಡಿಕೆ ಮೆಲ್ಲುತ್ತ ಅಂದರು: "ಮುದ್ದತು ಬ್ಯಾಡ್ರಿ. ಕಾಗದ ಇವತ್ತೇ ಆಗಲಿ. ನಾಲ್ಕು ದಿನದ ನೀರು ಅಂದಿದ್ದೆ, ಮೂರು ಅಂತ ಬರೀರಿ. ಬೇಸ್ತವಾರ ನನಗಿರಲಿ."

ವಾರಕ್ಕೊಂದು ದಿನದ ನೀರಿನ ಬೆಲೆ ಏಳು ರೂಪಾಯಿಗಿಂತ ಬಹಳ ಹೆಚ್ಚು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಕ್ಕ ನನ್ನ ಕಡೆ ನೋಡಲಿಲ್ಲ. "ಬರೀರಿ" ಎಂದಳು. ಬರೆದವನು ನಾನೇ. 'ಬೇಸ್ತವಾರ ಹೊರತು' ಎಂಬ ಎರಡು ಮಾತನ್ನು ಅಷ್ಟು ನಿಧಾನ ಬರೆದದ್ದಕ್ಕೆ ವಕೀಲರು, "ಏನು, ಶಾಯಿ ಗಟ್ಟಿ ಆಗ್ಯಾದೇನು?" ಎಂದರು.

ವೈಶಾಖದಲ್ಲಿ ಒಂದು ನೋಟೀಸು ಕೊಡಲು ಭೂಸನೂರಿಗೆ ಹೋಗಬೇಕಾಯಿತು. ನೆತ್ತಿ ಸುಡುವ ಬಿಸಿಲು. ಬಾವಿಯ ಮೇಲೆ ಎತ್ತುಗಳು ಹಿಂದೆ ಮುಂದೆ ಹೋಗಿ ನೀರೆತ್ತುತ್ತಿದ್ದವು. ಈಚೆ ಎರಡು ಎಕರೆಯಲ್ಲಿ ಬದನೆ ಸಸಿ ಗೇಣುದ್ದ ಎದ್ದಿದ್ದವು. ಎಲೆ ಸ್ವಲ್ಪ ಬಾಡಿದ್ದವು. ಅಕ್ಕ ಬೇವಿನ ಗಿಡದ ಕೆಳಗೆ ಕೂತಿದ್ದಳು.

"ನೀರಡಿಸಿ ಬಂದೇನಿ, ಅಕ್ಕ."

"ಇವತ್ತು ಯಾ ವಾರ?"

ಬಾವಿಯ ಕಡೆ ತಿರುಗಿ ನೋಡಿದೆ. ಬೇಸ್ತವಾರ.

"ಇವತ್ತಿನ ನೀರು ನಂದಲ್ಲ ತಮ್ಮಾ. ಅಲ್ಲಿ ನಿಂತಾರ ನೋಡು, ಅವರನ್ನ ಕೇಳು. ಲೆಕ್ಕ ಅಂದ್ರ ಲೆಕ್ಕ."

ಹೋಗಿ ಕೇಳಿದೆ. ಯಜಮಾನರು ಬೊಗಸೆಗೆ ಹೊಯ್ಯುತ್ತ ನಕ್ಕರು. "ಊರಾಗ ಈ ವಾರಕ್ಕ ಮುನ್ಶಿ ಬೇಸ್ತವಾರ ಅಂತಾರ್ರಿ. ಆಕೀನ ಹೆಸರಿಟ್ಟಾಳ."

ಮೋರೆ ಒರೆಸಿಕೊಂಡು ತಿರುಗಿದೆ. ಊರ ದಾರಿ ಹಿಡಿಯುವುದೋ ಏನೋ ಎಂದು ಬಿಸಿಲಲ್ಲೇ ನಿಂತೆ. ಅಕ್ಕ ಬೇವಿನ ಬುಡದಲ್ಲಿ ಒಂದಿಷ್ಟು ಸರಿದು, ಸೆರಗಿನಿಂದ ನೆಲ ಝಾಡಿಸಿದಳು.

"ನೆಳ್ಳು ಏಳೂ ದಿನ ನಂದ ಅದ. ಬಾ, ಕೂಡು."